ಅಲಿಫ್ ಇರುವ ಕಾಗದ

ಮುನೀರನ ಫೋನ್ ಬಂದಾಗ ನಾನು ಮೊಸರಿನ ಡಬ್ಬಿಗಳನ್ನು ತೊಳೆಯುತ್ತಿದ್ದೆ. ನಮ್ಮ ಮನೆಯಲ್ಲಿ ವಾರಕ್ಕೆ ಆರೋ ಏಳೋ ಡಬ್ಬಿ ಖಾಲಿಯಾಗುತ್ತವೆ. ಒಳಗಿನ ಬಿಳಿ ಹೋಗುವ ತನಕ ತೊಳೆದು, ಬೋರಲು ಹಾಕಿ, ಒಣಗಿದ ಮೇಲೆ ಒಂದರೊಳಗೊಂದು ಇಟ್ಟು ಪ್ಲಾಸ್ಟಿಕ್ಕಿನ ಚೀಲಕ್ಕೆ ಸೇರಿಸುತ್ತೇನೆ. ಅರಬ್ ನಾಡಿನ ದಹ್ರಾನಿನಲ್ಲಿ ನಾವಿರುವ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ ಪ್ಲಾಸ್ಟಿಕ್ಕಿಗೆ, ಗಾಜಿಗೆ, ಕಾಗದಕ್ಕೆ ಬೇರೆಬೇರೆ ಪೆಟ್ಟಿಗೆ ಇಟ್ಟಿದ್ದಾರೆ. ನನ್ನ ಗಂಡ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಒಯ್ದು ಹಾಕುತ್ತಾರೆ. ಮಕ್ಕಳು ನಗುತ್ತಾರೆ, ಎಸೆಯುವ ಡಬ್ಬಿಯನ್ನು ಉಣ್ಣುವ ತಟ್ಟೆಗಿಂತ ಚೆನ್ನಾಗಿ ತೊಳೆಯುತ್ತೀರಿ ಎಂದು. ನಗಲಿ. ಫೋನಿನಲ್ಲಿ ನನ್ನ ತಮ್ಮನ ಮುಖ ಕಂಡಿತು. ಕೈಯಲ್ಲಿ ಸೋಪಿನ ನೊರೆ ಇತ್ತು, ಮೊಣಕೈಯಿಂದಲೇ ಒತ್ತಿ ಎತ್ತಿದೆ. ಅವನು ಮಂಗಳೂರಿನ ಹತ್ತಿರ ತೊಕ್ಕೊಟ್ಟಿನಲ್ಲಿದ್ದಾನೆ. ನಮ್ಮ ತಂದೆ, ಅಂದರೆ ಉಪ್ಪ, ಅವನ ಜೊತೆಯಲ್ಲೇ ಇದ್ದರು.

"ಅಕ್ಕ, ಉಪ್ಪನಿಗೆ ಇವತ್ತು ದಾಟುವುದು ಕಷ್ಟ ಅಂತ ಡಾಕ್ಟರ್ ಹೇಳಿ ಹೋದ್ರು. ಎಲ್ಲ ಬಂದು ಮಾತಾಡಿ ಹೋಗ್ತಾ ಇದ್ದಾರೆ. ನಿನಗೆ ಎಂತಾದ್ರೂ ಹೇಳ್ಲಿಕ್ಕೆ ಇದ್ರೆ ಫೋನ್ ಕಿವಿ ಹತ್ರ ಹಿಡೀತೇನೆ."

"ಅರ್ಧ ಗಂಟೆ ಕೊಡು, ಮುನೀರ."

"ಕೊಡ್ಲಿಕ್ಕೆ ನಾನು ಯಾರು?" ಅಂದ ಅವನು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದ.

ಹೊರಡುವವರು ಎಲ್ಲರಲ್ಲೂ ಕ್ಷಮೆ ಕೇಳಿಕೊಳ್ಳುವುದು, ಉಳಿಯುವವರು ಹೊರಡುವವರಲ್ಲಿ ಕೇಳಿಕೊಳ್ಳುವುದು ನಮ್ಮವರಲ್ಲಿ ಇರುವ ಪದ್ಧತಿ. ಹಜ್ಜಿಗೆ ಹೋಗುವಾಗಲೂ ಹಾಗೆ, ಸಾಯುವಾಗಲೂ ಹಾಗೆ. ಉಪ್ಪನಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಹಾಗೆಯೇ ಉಳಿದಿತ್ತು. ಉಮ್ಮನ, ಅಂದರೆ ತಾಯಿಯ, ಆಸ್ಪತ್ರೆಯ ಕಾಗದವನ್ನು ಚೀಲಕ್ಕೆ ಹಾಕಿದ್ದು ಉಮ್ಮ ಅಲ್ಲ, ನಾನು. ಇಷ್ಟೇ. ಹೇಳಲು ಅರ್ಧ ನಿಮಿಷ ಬೇಡ. ನಲ್ಲಿ ನಿಲ್ಲಿಸಿ, ಕೈಕಾಲು ಮುಖ ತೊಳೆದು ವುಝೂ ಮಾಡಿ, ನಮಾಝಿನ ಚಾಪೆ ಹಾಸಿ ಕುಳಿತೆ. ಪ್ರಾರ್ಥನೆಯ ಮಾತುಗಳು ಬರಲಿಲ್ಲ. ಬಾಲ್ಯದ ಮಲಾಜಿನ ಮನೆ ನೆನಪಿಗೆ ಬಂತು.

ಮಲಾಜ್ ರಿಯಾದಿನ ಹಳೆಯ ಬಡಾವಣೆ. ಆಗಲೇ ಹಳತಾಗಿತ್ತು. ಮೂರನೆಯ ಮಹಡಿಯಲ್ಲಿ ನಮ್ಮದು ಎರಡು ಕೋಣೆ, ಒಂದು ಉದ್ದದ ಓಣಿಯಂಥ ಜಾಗ, ಅದರ ಕೊನೆಗೆ ಅಡುಗೆಮನೆ. ಅಡುಗೆಮನೆಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಕೈ ಚಾಚಿದರೆ ಗೋಡೆ ಸಿಗುತ್ತಿತ್ತು. ಬಿಸಿಲು ಆ ಸಂದಿಗೆ ಇಳಿಯದೆ ಇದ್ದದ್ದರಿಂದ ಬೇಸಗೆಯಲ್ಲೂ ನಮ್ಮ ಅಡುಗೆಮನೆ ಉಳಿದವರದ್ದಕ್ಕಿಂತ ತಂಪು. ಇದನ್ನು ಉಮ್ಮ ದೇವರ ದೊಡ್ಡ ಉಪಕಾರ ಎಂದು ಲೆಕ್ಕ ಹಿಡಿದಿದ್ದರು. ನಲ್ಲಿಯಲ್ಲಿ ಬೆಳಿಗ್ಗೆ ಹತ್ತರ ತನಕ ಕೈ ಸುಡದ ನೀರು ಬರುವುದು ಇನ್ನೊಂದು. ಉಪ್ಪ ದೂರದ ಬುರೈದಾದಲ್ಲಿ ಖರ್ಜೂರದ ಶೀತಲ ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದರು. ಗುರುವಾರ ಮಧ್ಯಾಹ್ನ ಬಂದು ಶುಕ್ರವಾರ ಸಂಜೆಯ ಅಸರ್ ನಮಾಝ್ ಆದ ಮೇಲೆ ಹೊರಟುಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ಉಮ್ಮ, ನಾನು, ನನಗಿಂತ ಆರು ವರ್ಷ ಚಿಕ್ಕವನಾದ ಮುನೀರ. ಮನೆಯೊಳಗೆ ನಾವು ಆಡುತ್ತಿದ್ದದ್ದು ಬ್ಯಾರಿ ಭಾಷೆ. ಇಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಷ್ಟರ ಮಟ್ಟಿಗೆ ಅವರ ಮಾತಿನ ರುಚಿ ಕಡಿಮೆಯಾಗಿದ್ದರೆ ಅದು ನನ್ನ ತಪ್ಪು.

ಉಮ್ಮನ ಅಡುಗೆಮನೆಯಿಂದ ಹೊರಗೆ ಹೋಗುವ ಕಸ ತುಂಬ ಕಡಿಮೆ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತಿತ್ತು, ಕಲ್ಲಂಗಡಿಯ ಬಿಳಿ ಭಾಗ ಪಲ್ಯವಾಗುತ್ತಿತ್ತು. ಅಕ್ಕಿ ತೊಳೆದ ನೀರು ಕಿಟಕಿಯ ಪುದಿನಕ್ಕೆ. ಹಾಲಿನ ಪುಡಿಯ ತಗಡಿನ ಡಬ್ಬಗಳಲ್ಲಿ ಮೆಣಸು, ಕೊತ್ತಂಬರಿ, ಹುಣಸೆ. ಉಪ್ಪನ ಹಳೆಯ ತೋಬು, ಆ ಊರಿನ ಉದ್ದ ನಿಲುವಂಗಿ, ಮುನೀರನ ಲಂಗೋಟಿಯಾಗಿ, ಆಮೇಲೆ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯಾಗಿ, ಆಮೇಲೆ ನೆಲ ಒರೆಸುವ ಬಟ್ಟೆಯಾಗಿ, ನೂಲು ನೂಲಾದ ಮೇಲೆ ಪಾತ್ರೆ ತಿಕ್ಕಲು ಬರುತ್ತಿತ್ತು. ಮೀನು ಕಾಯಿಸಿದ ಎಣ್ಣೆಯನ್ನು ಅವರು ಯಾವತ್ತೂ ಮೋರಿಗೆ ಸುರಿದವರಲ್ಲ; ಬಾಟಲಿಗೆ ತುಂಬಿ ಮುಚ್ಚಳ ಬಿಗಿದೇ ಕಸಕ್ಕೆ ಕೊಡುತ್ತಿದ್ದರು. ಉಳಿದದ್ದು ಒಂದು ಸಣ್ಣ ಚೀಲ, ಎರಡು ದಿನಕ್ಕೊಮ್ಮೆ. ಅದನ್ನು ಬೀದಿಯ ಮೂಲೆಯ ದೊಡ್ಡ ಕಬ್ಬಿಣದ ತೊಟ್ಟಿಗೆ ಹಾಕುವುದು ನನ್ನ ಕೆಲಸ. ರೊಟ್ಟಿಯ ಚೀಲ ಬೇರೆ. ಒಣಗಿದ ಖುಬ್ಸ್ ರೊಟ್ಟಿಯನ್ನು ಆ ಊರಿನವರೂ ಕಸದ ಜೊತೆ ಹಾಕುವುದಿಲ್ಲ. ಚೀಲದಲ್ಲಿ ಕಟ್ಟಿ ತೊಟ್ಟಿಯ ಹೊರಗಿನ ಕೊಕ್ಕೆಗೆ ನೇತುಹಾಕುತ್ತಾರೆ. ಕುರಿ ಸಾಕುವವರು ಬಂದು ಒಯ್ಯುತ್ತಾರೆ. ಅನ್ನವನ್ನು ಗೌರವಿಸುವ ಜನ ಇವರು ಎಂದು ಉಮ್ಮನಿಗೆ ಆ ಊರು ಮೊದಲ ವಾರದಲ್ಲೇ ಇಷ್ಟವಾಗಿತ್ತಂತೆ.

ಮೂರನೆಯದು ಕಾಗದ ಹಾಕುವ ಚೀಲ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ಸಿಕ್ಕಿಸಿದ ಅಕ್ಕಿಚೀಲ. ಅಲಿಫ್ ಮೊದಲಾದ ಅರಬಿ ಅಕ್ಷರ ಇರುವ ಯಾವ ಕಾಗದವೂ ಕಸಕ್ಕೆ ಹೋಗಬಾರದು ಎಂಬುದು ಉಮ್ಮನ ಕಟ್ಟುನಿಟ್ಟು. ಅಲ್ಲಾಹನ ಹೆಸರು ಎಲ್ಲಿ ಇರುತ್ತದೆ, ಎಲ್ಲಿ ಇರುವುದಿಲ್ಲ ಎಂದು ತಿಳಿಯುವಷ್ಟು ಅರಬಿ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಉಮ್ಮ ಖುರ್‌ಆನನ್ನು ತಡೆಯಿಲ್ಲದೆ ಓದುತ್ತಿದ್ದರು. ಓದಿದ್ದರ ಅರ್ಥ ಮದರಸದ ಉಸ್ತಾದರು ಹೇಳಿಕೊಟ್ಟಷ್ಟೇ. ಊರಿನಲ್ಲಿ ಅರಬಿ ಅಕ್ಷರ ಕಣ್ಣಿಗೆ ಬೀಳುವುದು ಮಸೀದಿಯಲ್ಲಿ, ಮದರಸದಲ್ಲಿ, ಕಿತಾಬಿನಲ್ಲಿ ಮಾತ್ರ. ಇಲ್ಲಿ ನೋಡಿದರೆ ಬಿಸ್ಕತ್ತಿನ ಪೊಟ್ಟಣ, ಔಷಧದ ಚೀಟಿ, ಮೀನಂಗಡಿಯ ರಸೀದಿ, ಎಲ್ಲದರ ಮೇಲೂ ಅದೇ ಅಕ್ಷರ. ಉಪ್ಪ ಗುರುವಾರ ಬರುವಾಗ ಖರ್ಜೂರವನ್ನೋ ಸೌತೆಕಾಯಿಯನ್ನೋ ಅರಬಿ ಪತ್ರಿಕೆಯಲ್ಲಿ ಸುತ್ತಿಕೊಂಡು ಬಂದರೆ ಬಾಗಿಲಲ್ಲೇ ಜಗಳ.

"ಎಷ್ಟು ಸಲ ಹೇಳ್ಬೇಕು ನಿಮಗೆ? ಕಾಲಡಿ ಬಿದ್ರೆ ಪಾಪ ಯಾರಿಗೆ?"

"ಅದು ಟಯರಿನ ಜಾಹೀರಾತು ಮಾರಾಯ್ತಿ. ಚಿತ್ರ ಕಾಣುದಿಲ್ವಾ?"

"ಚಿತ್ರ ಟಯರಿಂದೇ ಇರ್ಲಿ. ಕೆಳಗೆ ಅಲಿಫ್ ಉಂಟಲ್ಲ? ಅಲಿಫ್ ಇದ್ರೆ ಸಾಕು."

"ಹಾಗಾದ್ರೆ ರಸ್ತೆಯ ಬೋರ್ಡನ್ನೆಲ್ಲ ಬಿಚ್ಚಿ ತರ್ತೇನೆ, ನಿನ್ನ ಚೀಲದಲ್ಲಿ ಹಾಕು."

ಉಮ್ಮ ನಗುವನ್ನು ತಡೆದುಕೊಂಡು ಪತ್ರಿಕೆಯನ್ನು ನೀಟಾಗಿ ಮಡಚುತ್ತಿದ್ದರು. ಉಪ್ಪನೂ ನಗುತ್ತಿದ್ದರು. ಈ ಜಗಳ ಹೀಗೆ ನಗುವಿನಲ್ಲಿ ಮುಗಿಯುತ್ತಿದ್ದ ಕಾಲ ಒಂದಿತ್ತು ಎನ್ನುವುದನ್ನು ಬರೆದಿಡಬೇಕು. ಚೀಲ ತುಂಬಿದರೆ ಬಾಯಿ ಹೊಲಿದು ಬಚ್ಚಲಿನ ಮೇಲಿನ ಅಟ್ಟಕ್ಕೆ. ಊರಿನಲ್ಲಾದರೆ ಹಳೆಯ ಕಿತಾಬಿನ ಹಾಳೆಗಳನ್ನು ಹೊಳೆಯ ನಡುನೀರಿಗೆ ಬಿಟ್ಟು ಬರುತ್ತಿದ್ದರು. ಇಲ್ಲಿ ಹೊಳೆ ಎಲ್ಲಿಂದ ಬರಬೇಕು? ಅದಕ್ಕೆ ವರ್ಷಕ್ಕೊಮ್ಮೆ, ರಮಝಾನಿಗೆ ಮೊದಲು, ತಾರಸಿಯಲ್ಲಿ ಎಣ್ಣೆಯ ಖಾಲಿ ತಗಡಿನೊಳಗೆ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ, ಉಪ್ಪನ ಕೈಯಲ್ಲಿ ಕೊಟ್ಟು ಬುರೈದಾ ದಾರಿಯಲ್ಲಿ ಯಾರೂ ತುಳಿಯದ ಕಡೆ ಹೂಳಿಸುತ್ತಿದ್ದರು.

ಕಾಗದ ಆರಿಸುವುದು ಎಂಟನೆಯ ವಯಸ್ಸಿನಿಂದ ನನ್ನ ಪಾಲಿಗೆ ಬಂತು. ಬುಧವಾರ ಶಾಲೆಯಿಂದ ಬಂದು, ಮರುದಿನ ಉಪ್ಪ ಬರುವರೆಂದು, ಮನೆಯೆಲ್ಲ ಹುಡುಕಿ ಬಿದ್ದ ಕಾಗದ ಒಟ್ಟು ಮಾಡುತ್ತಿದ್ದೆ. ಇಂಗ್ಲಿಷಿನದ್ದು, ಹಿಂದಿಯದ್ದು ಕಸಕ್ಕೆ. ಅಲಿಫ್ ಇರುವುದು ಚೀಲಕ್ಕೆ. ಅದರಲ್ಲಿ ನನಗೊಂದು ಜಂಬವೂ ಇತ್ತು. ಔಷಧದ ಪೊಟ್ಟಣದ ಒಳಗಿನ ತೆಳು ಚೀಟಿಯನ್ನೂ ಬಿಡುತ್ತಿರಲಿಲ್ಲ. ನನ್ನ ಮಗಳ ಕಣ್ಣು ಹದ್ದಿನ ಕಣ್ಣು ಎಂದು ಉಮ್ಮ ಕೆಳಗಿನ ಮನೆಯ ವಾರಿಜಕ್ಕನ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡು ಇಡೀ ದಿನ ಖುಷಿಯಲ್ಲಿದ್ದೆ.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಸೋಮವಾರ ಉಮ್ಮ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಮುನೀರನನ್ನು ಸೊಂಟಕ್ಕೆ ಏರಿಸಿಕೊಂಡು, ಅಬಾಯಾ ತೊಟ್ಟು, ನನ್ನ ಕೈ ಹಿಡಿದು ಎರಡು ಬೀದಿ ಆಚೆಯ ದವಾಖಾನೆಗೆ ನಡೆದರು. ಏನೆಂದು ಕೇಳಿದ್ದಕ್ಕೆ ಬೆನ್ನುನೋವು ಎಂದರು. ಒಳಗೆ ಇದ್ದವರು ಅರಬ್ ಹೆಂಗಸು ಡಾಕ್ಟರು. ಪರದೆ ಎಳೆದು ಉಮ್ಮನನ್ನು ನೋಡಿದರು. ನಾನು ಪರದೆಯ ಈಚೆ ಕುಳಿತು ಮುನೀರನ ಚಪ್ಪಲಿ ಬಿಚ್ಚುವುದು, ಹಾಕುವುದು ಮಾಡುತ್ತಿದ್ದೆ. ಆಮೇಲೆ ಡಾಕ್ಟರು ನನ್ನನ್ನು ಕರೆದು ಮುರುಕು ಇಂಗ್ಲಿಷಿನಲ್ಲಿ ಹೇಳಿದರು: ದೊಡ್ಡ ಆಸ್ಪತ್ರೆ, ಈ ಕಾಗದ, ತಂದೆ, ಬೇಗ. ಕೊನೆಯ ಮಾತನ್ನು ಎರಡು ಸಲ ಹೇಳಿದರು. ನಾನು ಉಮ್ಮನಿಗೆ ಅದನ್ನೇ ಹೇಳಿದೆ. ಎರಡು ಸಲ ಹೇಳಿದ್ದನ್ನು ಒಂದು ಸಲ ಹೇಳಿದೆನೋ, ಎರಡು ಸಲ ಹೇಳಿದೆನೋ, ಈಗ ಎಷ್ಟು ನೆನೆದರೂ ತಿಳಿಯುವುದಿಲ್ಲ.

"ಗುರುವಾರ ಉಪ್ಪ ಬರ್ಲಿ, ಕೊಡುವ" ಎಂದರು ಉಮ್ಮ. ಮನೆಗೆ ಬಂದು ಕಾಗದವನ್ನು ಫ್ರಿಜ್ಜಿನ ಮೇಲೆ ಇಟ್ಟು, ಹಾರದ ಹಾಗೆ ಮೇಲೆ ಒಂದು ಲೋಟ ಇಟ್ಟರು. ಡಾಕ್ಟರು ಕೊಟ್ಟ ಮಾತ್ರೆಯ ಪೊಟ್ಟಣವನ್ನೂ ಅಲ್ಲಿಯೇ ಇಟ್ಟರು. ಎಲ್ಲವೂ ಅರಬಿಯಲ್ಲೇ ಇತ್ತು. ಬುಧವಾರ ನಾನು ಲೋಟ ತೊಳೆಯಲು ತೆಗೆದೆ. ಕೆಳಗಿದ್ದ ರಸೀದಿ, ಮಾತ್ರೆಯ ಚೀಟಿ, ಈ ಕಾಗದ, ಮೂರನ್ನೂ ಒಟ್ಟಿಗೆ ಮಡಚಿ ಚೀಲಕ್ಕೆ ಹಾಕಿದೆ. ಎರಡು ದಿನದ ಹಿಂದೆ ನಾನೇ ಬಾಯಿಬಿಟ್ಟು ಅನುವಾದ ಮಾಡಿದ ಕಾಗದ ಅದು. ಕೈಗೆ ಅದು ಗೊತ್ತಾಗಲಿಲ್ಲ. ಕೈಗೆ ಗೊತ್ತಿದ್ದದ್ದು ಅಲಿಫ್ ಮಾತ್ರ. ಚೀಲ ತುಂಬಿತ್ತು. ಉಮ್ಮ ಅದೇ ಸಂಜೆ ಬಾಯಿ ಹೊಲಿದು ಅಟ್ಟಕ್ಕೆ ಏರಿಸಿದರು.

ಗುರುವಾರ ಉಪ್ಪ ಬರುವ ಮೊದಲು ಉಮ್ಮ ಫ್ರಿಜ್ಜಿನ ಮೇಲೆ, ಹಿಂದೆ, ಅಕ್ಕಿಯ ಡಬ್ಬದ ಅಡಿಯಲ್ಲಿ ಹುಡುಕುತ್ತಿದ್ದರು.

"ಝುಬೈದಾ, ಆ ಡಾಕ್ಟರ್ ಕಾಗದ ಕಂಡಿದ್ಯಾ?"

"ಇಲ್ಲ" ಎಂದೆ. ಹಾಗೆ ಹೇಳುವಾಗ ಅದು ಸುಳ್ಳಾಗಿರಲಿಲ್ಲ. ರಾತ್ರಿ ಮಲಗಿದ ಮೇಲೆ ಲೋಟ ನೆನಪಾಯಿತು. ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡೆ. ಬೆಳಿಗ್ಗೆ ಉಪ್ಪ ಇದ್ದರು, ಮೀನು ತಂದಿದ್ದರು, ಮನೆ ನಗುತ್ತಿತ್ತು. ಆಮೇಲಿನ ವಾರ ಉಮ್ಮ ಕೇಳಲಿಲ್ಲ. ಉಮ್ಮನಿಗೆ ಆ ಕಾಗದ ಸಿಗದೆ ಹೋದದ್ದು ಅರ್ಧ ಸಮಾಧಾನವೇ ಆಗಿತ್ತು ಎಂದು ನನಗೆ ಈಗ ಅನಿಸುತ್ತದೆ. ಆಗಿದ್ದದ್ದು ಬೆನ್ನುನೋವಲ್ಲ, ಎದೆಯಲ್ಲಿ ಗಂಟು; ಅದನ್ನು ಗಂಡನಿಗೂ ಬಾಯಿಬಿಟ್ಟು ಹೇಳಲು ನಾಚುವ ಹೆಂಗಸು. ನೋವೂ ಇರಲಿಲ್ಲವಂತೆ. ಇನ್ನೊಮ್ಮೆ ದವಾಖಾನೆಗೆ ಹೋದಾಗ ಆ ಡಾಕ್ಟರು ರಜೆಯಲ್ಲಿ ತಮ್ಮ ದೇಶಕ್ಕೆ ಹೋಗಿದ್ದರು. ಗಂಡಸು ಡಾಕ್ಟರಿಗೆ ತೋರಿಸುವ ಪ್ರಶ್ನೆಯೇ ಇಲ್ಲ. ಹೀಗೆ ಎಂಟು ತಿಂಗಳು. ಆ ಎಂಟು ತಿಂಗಳು ಪ್ರತಿ ಬುಧವಾರ ನಾನು ಕಾಗದ ಆರಿಸಿದ್ದೇನೆ, ಅಟ್ಟದ ಕಡೆ ನೋಡಿದ್ದೇನೆ. ಬೆನ್ನುನೋವಿನ ಕಾಗದ ತಾನೇ, ಬೆನ್ನುನೋವು ಈಗ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ.

ರಮಝಾನಿಗೆ ಹತ್ತು ದಿನ ಇರುವಾಗ, ಅಸರ್ ನಮಾಝ್ ಮುಗಿಸಿ, ಚೀಲಗಳನ್ನು ತಾರಸಿಗೆ ಒಯ್ದೆವು. ನೀರಿನ ಟ್ಯಾಂಕಿಯ ನೆರಳಿನಲ್ಲಿ ತಗಡು ಇಟ್ಟು ಉಮ್ಮ ಒಂದೊಂದೇ ಹಿಡಿ ಕಾಗದವನ್ನು ಬಿಸ್ಮಿಲ್ಲಾ ಹೇಳಿ ಹಾಕುತ್ತಿದ್ದರು. ಕೆಳಗಿನ ಮನೆಯ ವಾರಿಜಕ್ಕ ಬಟ್ಟೆ ಒಣಗಿಸಲು ಬಂದರು. ಉಡುಪಿ ಕಡೆಯವರು, ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಆಸ್ಪತ್ರೆಯ ಮಟ್ಟಿಗಿನ ಅರಬಿ ಅವರಿಗೆ ಓದಲು ಬರುತ್ತಿತ್ತು. ಉಮ್ಮನ ಈ ಸುಡುವಿಕೆಯನ್ನು ಪ್ರತಿ ವರ್ಷ ತಮಾಷೆ ಮಾಡುತ್ತಿದ್ದವರು.

"ಎಂತ ಮೈಮುನಾ, ಈ ಸಲ ಎಷ್ಟು ಬಿಸ್ಕತ್ ಪೊಟ್ಟಣಕ್ಕೆ ಸ್ವರ್ಗ?"

"ನಗಾಡಿ ವಾರಿಜಕ್ಕ. ನಿಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೆ ಒತ್ತಿಕೊಳ್ಳುದಿಲ್ವಾ?"

"ಅದೂ ಹೌದು" ಎನ್ನುತ್ತ ಅವರು ಗಾಳಿಗೆ ಹಾರಿ ತಮ್ಮ ಕಾಲ ಹತ್ತಿರ ಬಂದ ಕಾಗದವೊಂದನ್ನು ಹೆಕ್ಕಿದರು. ತಗಡಿಗೆ ಹಾಕಲು ಕೈ ಚಾಚಿದವರು ನಿಂತರು. ಬಿಸಿಲಿಗೆ ಹಿಡಿದು ಓದಿದರು. ಹಿಂದೆ ತಿರುಗಿಸಿ ಮುದ್ರೆ ನೋಡಿದರು.

"ಮೈಮುನಾ, ಇದರಲ್ಲಿ ನಿನ್ನ ಹೆಸರು ಉಂಟು."

ಉಮ್ಮ ಕೈಯಲ್ಲಿದ್ದ ಹಿಡಿ ಕಾಗದವನ್ನು ಚೀಲದ ಮೇಲೆ ಹಿಂದೆ ಇಟ್ಟರು.

"ಇದು ಕ್ಯಾನ್ಸರ್ ವಿಭಾಗಕ್ಕೆ ಕಳಿಸಿದ ಚೀಟಿ. ತುರ್ತು ಅಂತ ಬರ್ದಿದ್ದಾರೆ. ನೀನು ಹೋಗಿದ್ಯಾ? ಮಾರಾಯ್ತಿ, ಕೇಳಿದ್ದಕ್ಕೆ ಹೇಳು. ಹೋಗಿದ್ಯಾ?"

"ಕಾಗದ ಸಿಕ್ಕಲಿಲ್ಲ ವಾರಿಜಕ್ಕ" ಎಂದರು ಉಮ್ಮ. ಶಾಲೆಯಲ್ಲಿ ತಪ್ಪು ಮಾಡಿದ ಹುಡುಗಿಯ ಹಾಗೆ ಹೇಳಿದರು. ವಾರಿಜಕ್ಕ ಒದ್ದೆ ಬಟ್ಟೆಯ ಬಕೆಟನ್ನು ಅಲ್ಲೇ ಬಿಟ್ಟು ಉಮ್ಮನ ತೋಳು ಹಿಡಿದು ಕೆಳಗೆ ಕರೆದುಕೊಂಡು ಹೋದರು. ಬೆಂಕಿಯ ಹತ್ತಿರ ನಾನು, ಮುನೀರ ಉಳಿದೆವು. ಉಳಿದ ಕಾಗದವನ್ನು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅರ್ಧಕ್ಕೆ ನಿಲ್ಲಿಸುವ ಕೆಲಸ ಅದಲ್ಲ ಎಂದು ಗೊತ್ತಿತ್ತು. ಒಂದೊಂದೇ ಹಾಕಿದೆ. ಆವತ್ತು ಮೊದಲ ಸಲ ಒಂದೊಂದನ್ನೂ ಓದಲು ಹೋದೆ. ಅಕ್ಷರ ಕೂಡಿಸಿದಾಗ ಸ್ವರ ಬಂತು, ಅರ್ಥ ಬರಲಿಲ್ಲ.

ಉಪ್ಪ ಮರುದಿನವೇ ಬಂದರು, ಗುರುವಾರ ಆಗಿರಲಿಲ್ಲ. ವಾರಿಜಕ್ಕ ಫೋನ್ ಮಾಡಿಸಿದ್ದರು. ನಡುಕೋಣೆಯಲ್ಲಿ ಚಾಪೆಯ ಮೇಲೆ ಕಾಗದ ಇತ್ತು. ಉಪ್ಪ ಅದನ್ನು ಮುಟ್ಟದೆ ಅದರ ಮುಂದೆ ಕುಳಿತರು.

"ಇದನ್ನು ಆ ಚೀಲಕ್ಕೆ ಹಾಕಿದ್ದು ಯಾರು?"

ನನ್ನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಉಮ್ಮ, "ನಾನು" ಎಂದರು. ನನ್ನ ಕಡೆ ನೋಡಲಿಲ್ಲ. "ನಾನೇ. ಬೇರೆ ಕಾಗದದ ಜೊತೆ ಹೋಗಿರ್ಬೇಕು."

ಉಪ್ಪ ಕಾಗದವನ್ನು ಎತ್ತಿ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ಒಂದು ಕಾಗದ ಎಸೆಯಲಿಕ್ಕೆ ಹೆದರಿದವಳು ಜೀವವನ್ನೇ ಎಸೆದು ಕೂತಿದ್ದೀ."

ಈ ಮಾತು ಆ ದಿನಕ್ಕೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ನಮ್ಮ ಮನೆಯಲ್ಲಿ ವಾಸಕ್ಕೆ ಬಂತು. ಆಪರೇಷನ್ ಆಯಿತು, ಎಂಟು ತಿಂಗಳು ಮೊದಲು ಬಂದಿದ್ದರೆ ಎಂದಷ್ಟೇ ಹೇಳಿ ಡಾಕ್ಟರು ಮಾತು ನಿಲ್ಲಿಸಿದರಂತೆ. ಉಪ್ಪ ಉಮ್ಮನನ್ನು ಚೆನ್ನಾಗಿಯೇ ನೋಡಿಕೊಂಡರು, ಬುರೈದಾದ ಕೆಲಸ ಬಿಟ್ಟು ರಿಯಾದಿನಲ್ಲೇ ಕಡಿಮೆ ಸಂಬಳದ ಕೆಲಸ ಹಿಡಿದರು. ಆದರೆ ನೋಡಲು ಬಂದ ಪ್ರತಿಯೊಬ್ಬರಿಗೂ ಆ ಮಾತನ್ನು ಹೇಳುತ್ತಿದ್ದರು, ಉಮ್ಮ ಕೇಳುವ ಹಾಗೆಯೇ. ಬಂದವರು ಬಾಗಿಲ ಹಿಂದಿನ ಚೀಲದ ಕಡೆ ನೋಡಿ ತಲೆ ಆಡಿಸುತ್ತಿದ್ದರು.

ಒಂದು ದಿನ ಉಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕುಳಿತು ಸೊಪ್ಪು ಸೋಸುತ್ತಿದ್ದಾಗ ಹೇಳಿಬಿಟ್ಟೆ.

"ಉಮ್ಮ, ಅದನ್ನು ಹಾಕಿದ್ದು ನಾನು."

"ಗೊತ್ತು."

"ಮತ್ತೆ ನೀವು ಯಾಕೆ?"

ಉಮ್ಮ ಒಂದು ದಂಟು ಮುರಿದು ನಾರು ತೆಗೆದರು. "ನಿನ್ನ ಉಪ್ಪನ ಸಿಟ್ಟು ನನಗೆ ಎಷ್ಟು ದಿನ? ಇದ್ದಷ್ಟು ದಿನ. ನಿನ್ನ ಮೇಲೆ ಆದ್ರೆ ನೀನು ಅದನ್ನು ಗಂಡನ ಮನೆಗೂ ಹೊತ್ಕೊಂಡು ಹೋಗ್ತಿ. ಬಾಯಿ ಮುಚ್ಚಿ ಇರು. ಆ ಬೇರು ಕೊಡು ಇತ್ತ, ಅದನ್ನು ಯಾಕೆ ಬಿಸಾಡಿದ್ದು? ತೊಳೆದ್ರೆ ಸಾರಿಗಾಗ್ತದೆ."

ಬಾಯಿ ಮುಚ್ಚಿ ಇದ್ದೆ. ಉಮ್ಮನ ಮಾತು ಕೇಳಿದ ಮಗಳು ಎಂದು ಹೇಳಿಕೊಳ್ಳಬಹುದು. ಹೇಡಿ ಎಂದೂ ಹೇಳಬಹುದು. ಎರಡರಲ್ಲಿ ಯಾವುದೆಂದು ನಾನು ತೀರ್ಮಾನಿಸಲು ಹೋಗಿಲ್ಲ, ಮೇಲೆ ಒಬ್ಬ ತೀರ್ಮಾನಿಸುವವನಿದ್ದಾನೆ.

ಕೊನೆಯ ತಿಂಗಳುಗಳಲ್ಲಿ ಗಾಯ ಒಣಗಲಿಲ್ಲ. ದಿನಕ್ಕೆ ಎರಡು ಸಲ ಬಟ್ಟೆ ಬದಲಿಸಬೇಕು. ಆ ತೆಗೆದ ಬಟ್ಟೆಯನ್ನು ಹೇಗೆ ಕಟ್ಟಬೇಕು ಎಂಬುದನ್ನು ಉಮ್ಮ ನನಗೆ ಕಲಿಸಿದರು: ಒಳಮುಖವಾಗಿ ಸುತ್ತಿ, ಒಂದು ಚೀಲಕ್ಕೆ ಹಾಕಿ ಗಂಟು, ಅದನ್ನು ಇನ್ನೊಂದಕ್ಕೆ ಹಾಕಿ ಗಂಟು, ಮೂರನೆಯದಕ್ಕೆ ಹಾಕಿ ಗಂಟು. ಸೂಜಿಗಳು ಹಾಲಿನ ಪುಡಿಯ ಡಬ್ಬಕ್ಕೆ, ಮುಚ್ಚಳಕ್ಕೆ ಅಂಟುಪಟ್ಟಿ. ಡಬ್ಬ ವಾರಿಜಕ್ಕನ ಕೈಗೆ, ಆಸ್ಪತ್ರೆಯಲ್ಲಿ ಹಾಕಲು. ನಮ್ಮ ಬೀದಿಯ ತೊಟ್ಟಿ ಎತ್ತುತ್ತಿದ್ದವನು ನಡುವಯಸ್ಸಿನ ಒಬ್ಬ ಬಂಗಾಳಿ. ಕೈಗವಸು ಇಲ್ಲದೆ ಕೆಲಸ ಮಾಡುವುದನ್ನು ಉಮ್ಮ ಕಿಟಕಿಯಿಂದ ನೋಡಿದ್ದರು.

"ಅವನ ಕೈಗೆ ತಾಗ್ಬಾರದು. ಬೆಕ್ಕು ಹರೀಬಾರದು. ನನ್ನ ನೋವು ನನ್ನಲ್ಲೇ ಮುಗೀಬೇಕು, ಬೀದಿಗೆ ಹೋಗ್ಬಾರದು. ಗೊತ್ತಾಯ್ತಾ?"

ಹನ್ನೆರಡು ವರ್ಷದ ಹುಡುಗಿ ನಾನು, ಶಾಲೆಗೆ ಹೊರಡುವ ಮೊದಲು ಮೂರು ಗಂಟಿನ ಆ ಚೀಲವನ್ನು ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ವಾಸನೆ ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಕಟ್ಟುತ್ತಿದ್ದೆ. ಉಮ್ಮ ತೀರಿಕೊಂಡಾಗ ಉಳಿದ ಮಾತ್ರೆಗಳನ್ನೂ ಅವರು ಹೇಳಿದ್ದಂತೆಯೇ ಕಕ್ಕಸಿಗೆ ಸುರಿಯದೆ ಎಣಿಸಿ ಆಸ್ಪತ್ರೆಗೆ ಹಿಂದೆ ಕೊಟ್ಟೆವು. ಅವರ ಬಟ್ಟೆ ಮೂರು ಮನೆಗೆ ಹೋಯಿತು. ಒಂದು ಬದುಕು ಮುಗಿದಾಗ ಎಸೆಯಲು ಸಿಕ್ಕಿದ್ದು ಒಂದು ಹಲ್ಲುಜ್ಜುವ ಬ್ರಶ್ಶು, ಒಂದು ಬಾಚಣಿಗೆ. ಅವರನ್ನು ರಿಯಾದಿನಲ್ಲೇ ದಫನ ಮಾಡಿದರು. ಅಲ್ಲಿಯ ಗೋರಿಗಳಿಗೆ ಹೆಸರು ಬರೆಯುವುದಿಲ್ಲ.

ಅದಾದ ಮೇಲೆಯೂ ಉಪ್ಪ ಆ ಮಾತನ್ನು ಬಿಡಲಿಲ್ಲ. ನನ್ನ ಮದುವೆಯಲ್ಲಿ ಹೇಳಿದರು. ಊರಿಗೆ ವಾಪಸಾದ ಮೇಲೆ ಮಸೀದಿಯ ಕಟ್ಟೆಯಲ್ಲಿ ಹೇಳಿದರು. ಮುನೀರನ ಹೆಂಡತಿ, ಉಮ್ಮನನ್ನು ಕಣ್ಣಿನಿಂದ ಕಾಣದವಳು, ಅವಳಿಗೂ ಗೊತ್ತಿದ್ದದ್ದು ಇಷ್ಟೇ: ಅತ್ತೆ ಭಕ್ತಿಯಲ್ಲಿ ಬುದ್ಧಿ ಕಳೆದುಕೊಂಡವರು, ತಮ್ಮ ಸಾವನ್ನು ತಾವೇ ಅಕ್ಕಿಚೀಲಕ್ಕೆ ಹಾಕಿದವರು. ಪ್ರತಿ ಸಲ ಊರಿಗೆ ಹೋದಾಗಲೂ ಹೇಳಬೇಕೆಂದುಕೊಂಡೆ. ಉಪ್ಪನಿಗೆ ರಕ್ತದೊತ್ತಡ, ಉಪ್ಪನಿಗೆ ಕಣ್ಣಿನ ಆಪರೇಷನ್, ಉಪ್ಪನಿಗೆ ಈಗ ಮನಸ್ಸು ಸರಿಯಿಲ್ಲ. ಕಾರಣಗಳಿಗೆ ಬರವಿರಲಿಲ್ಲ.

ಅರ್ಧ ಗಂಟೆ ಎಂದವಳು ಇಪ್ಪತ್ತು ನಿಮಿಷಕ್ಕೆ ಎದ್ದು ಮುನೀರನಿಗೆ ಫೋನ್ ಮಾಡಿದೆ. ಹಿಂದೆ ಸಾಯುವವರ ಬಳಿ ಓದುವ ಯಾಸೀನ್ ಅಧ್ಯಾಯದ ಸ್ವರ ಕೇಳುತ್ತಿತ್ತು. "ಹಿಡಿದಿದ್ದೇನೆ, ಹೇಳು" ಎಂದ.

"ಉಪ್ಪ, ನಾನು ಝುಬೈದಾ. ಉಮ್ಮನ ಕಾಗದವನ್ನು ಚೀಲಕ್ಕೆ ಹಾಕಿದ್ದು ಉಮ್ಮ ಅಲ್ಲ, ನಾನು. ಫ್ರಿಜ್ಜಿನ ಮೇಲಿಂದ ತೆಗೆದು ನಾನೇ ಹಾಕಿದ್ದು. ನನ್ನನ್ನು ಉಳಿಸ್ಲಿಕ್ಕೆ ಉಮ್ಮ ಹಾಗೆ ಹೇಳಿದ್ದು. ನೀವು ಅವರನ್ನು ಬೈದದ್ದೆಲ್ಲ ನನ್ನದು. ನನಗೆ ಮಾಫ್ ಮಾಡಿ. ಉಮ್ಮನಲ್ಲಿಯೂ ನೀವು ಮಾಫ್ ಕೇಳಿಕೊಳ್ಳಿ."

ಯಾಸೀನ್ ಓದುತ್ತಿದ್ದ ಸ್ವರ ನಿಂತಿತು.

"ಅಕ್ಕ" ಎಂದ ಮುನೀರ. "ಸ್ಪೀಕರಲ್ಲಿ ಇತ್ತು. ಇಲ್ಲಿ ಎಲ್ಲರಿಗೂ ಕೇಳಿತು."

"ಕೇಳ್ಲಿ."

"ಉಪ್ಪನಿಗೆ ಕೇಳ್ಲಿಲ್ಲ. ಕಿವಿಯ ಮಿಷಿನ್ ಹಾಕಿರ್ಲಿಲ್ಲ. ನಿನ್ನೆ ಕೂಂಯ್ ಅಂತಿತ್ತು ಅಂತ ಇವಳು ತೆಗೆದಿಟ್ಟಿದ್ದಳು."

"ಹಾಕು. ಇನ್ನೊಮ್ಮೆ ಹೇಳ್ತೇನೆ."

"ನಿನಗೆ ಆಗ ಹತ್ತು ವರ್ಷ, ಅಕ್ಕ" ಎಂದ. ಬೇರೆ ಏನೋ ಹೇಳಲು ಹೊರಟವನು ಅಷ್ಟಕ್ಕೆ ನಿಲ್ಲಿಸಿ ಮಿಷಿನ್ ಹುಡುಕಲು ಹೋದ. ಡ್ರಾಯರ್ ಎಳೆದ ಸದ್ದು ಬಂತು. ಎರಡನೆಯ ಸಲ ಹೇಳಿದೆ. ಅದೇ ಮಾತುಗಳು, ಅದೇ ಸಾಲಿನಲ್ಲಿ. ಮೊದಲ ಸಲ ಅತ್ತಿದ್ದೆ. ಎರಡನೆಯ ಸಲ ಅಳು ಬರಲಿಲ್ಲ, ಸ್ವರ ನೆಟ್ಟಗಿತ್ತು.

ಉಪ್ಪನ ಸ್ವರ ಬಹಳ ದೂರದಿಂದ ಬಂತು. "ಯಾರು?"

"ಝುಬೈದಾ, ಉಪ್ಪ. ದಹ್ರಾನಿಂದ" ಎಂದ ಮುನೀರ.

"ಊಟ ಆಯ್ತಾ ಅವಳದ್ದು?"

"ಆಯ್ತು ಉಪ್ಪ" ಎಂದೆ. ಆಗಿರಲಿಲ್ಲ.

ಮುಕ್ಕಾಲು ಗಂಟೆ ಕಳೆದು, ಉಪ್ಪ ಹೋದರೆಂದು ಮುನೀರ ಸಂದೇಶ ಕಳಿಸಿದ. ಇನ್ನಾ ಲಿಲ್ಲಾಹಿ ಎಂದು ಹೇಳಿ ನಾಲ್ಕು ರಕಾತ್ ನಮಾಝ್ ಮಾಡಿದೆ. ಉಪ್ಪ ಕೇಳಿಸಿಕೊಂಡರೋ, ಕೇಳಿಸಿಕೊಂಡೂ ಊಟದ ಮಾತೆತ್ತಿದರೋ, ನನಗೆ ತಿಳಿಯುವುದಿಲ್ಲ. ಮುನೀರನ ಹೆಂಡತಿಗೆ ಕೇಳಿಸಿದೆ, ಓದುತ್ತಿದ್ದ ಉಸ್ತಾದರಿಗೆ ಕೇಳಿಸಿದೆ, ಬಾಗಿಲಲ್ಲಿ ನಿಂತ ನೆರೆಯವರಿಗೆ ಕೇಳಿಸಿದೆ. ಇನ್ನು ಆ ಊರಿನಲ್ಲಿ ಯಾರಾದರೂ ಆ ಮಾತು ಎತ್ತಿದರೆ ಅದು ನನ್ನ ಹೆಸರಿನಲ್ಲಿ ಹೋಗುತ್ತದೆ. ಅಷ್ಟು ಸಿಕ್ಕಿತು, ಅಲ್‌ಹಮ್ದುಲಿಲ್ಲಾ. ಹೆಚ್ಚು ಕೇಳುವ ಬಾಯಿ ನನಗಿಲ್ಲ.

ಚಾಪೆ ಮಡಚುವಾಗ ಬಟ್ಟೆ ಒಗೆಯುವ ಮಿಷಿನ್ ಕೂಗಿಕೊಂಡಿತು. ಬೆಳಿಗ್ಗೆ ಹಾಕಿದ್ದ ಬೆಡ್‌ಶೀಟುಗಳು. ಹಾಗೇ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಹೊರಗೆ ತೆಗೆದು, ಎರಡೂ ತುದಿ ಹಿಡಿಯಲು ಆ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರು ಇಲ್ಲದ್ದರಿಂದ ಒಂದು ತುದಿಯನ್ನು ಬಾಗಿಲಿಗೆ ಸಿಕ್ಕಿಸಿ, ಹಿಂಡಿ, ಕೊಡವಿ, ಬಾಲ್ಕನಿಗೆ ಒಯ್ದು ಒಂದೊಂದಾಗಿ ಹರವಿದೆ.